ಲೋಹತಜ್ಞ ಸರ್ ವಿಲಿಯಂ ರಾಬರ್ಟ್ಸ್-ಆಸ್ಟೆನ್

ಒಂದು ಮೂಲೆಯಲ್ಲಿ ಹಚ್ಚಿದ ಊದುಬತ್ತಿಯ ಪರಿಮಳವು ಸ್ವಲ್ಪ ಹೊತ್ತಿನಲ್ಲಿಯೇ ಮನೆಯನ್ನೆಲ್ಲ ತುಂಬುತ್ತದೆ. ಪಾತ್ರೆಯ ತಳದಲ್ಲಿಟ್ಟ ಬೆಲ್ಲದ ಚೂರು, ಯಾರೂ ಕದಡದಿದ್ದರೂ, ಕಾಲಕ್ರಮದಲ್ಲಿ ಮೇಲಿನ ನೀರಿಗೂ ತನ್ನ ಸಿಹಿಯನ್ನು ಹಂಚುತ್ತದೆ. ಒಂದು ವಸ್ತುವಿನ ಕಣಗಳು ತಾವಾಗಿಯೇ ಇನ್ನೊಂದರೊಳಗೆ ಹರಡಿಕೊಳ್ಳುವ ಈ ಕ್ರಿಯೆಗೆ ವಿಸರಣ ಎಂದು ಹೆಸರು. ಅನಿಲಗಳಲ್ಲಿ ಅದು ಶೀಘ್ರವಾಗಿಯೂ ದ್ರವಗಳಲ್ಲಿ ನಿಧಾನವಾಗಿಯೂ ನಡೆಯುತ್ತದೆ. ಆದರೆ ಘನಲೋಹದೊಳಗೆ? ಕಬ್ಬಿಣದ ಸಲಾಕೆ, ಸೀಸದ ಗಟ್ಟಿ, ಚಿನ್ನದ ನಾಣ್ಯ ಇವೆಲ್ಲ ನಮ್ಮ ಕಣ್ಣಿಗೆ ಅಚಲತೆಯ ಪ್ರತಿರೂಪಗಳು. ಇವುಗಳ ಒಡಲಿನಲ್ಲಿ ಪರಮಾಣುಗಳು ನೆಲೆಯಿಂದ ನೆಲೆಗೆ ಸಂಚರಿಸುತ್ತವೆಯೆಂದು ಕೇವಲ ಊಹಿಸುವುದು ಒಂದು; ತಕ್ಕಡಿಯಲ್ಲಿ ತೂಗಿ, ಲೆಕ್ಕವಿಟ್ಟು, ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಾಪಿಸುವುದು ಇನ್ನೊಂದು. ಈ ಎರಡನೆಯ ಕಾರ್ಯವನ್ನು ಮೊಟ್ಟಮೊದಲು ಸಾಧಿಸಿದ ಕೀರ್ತಿ ಇಂಗ್ಲೆಂಡಿನ ರಾಜಟಂಕಸಾಲೆಯ ಅಧಿಕಾರಿಯಾಗಿದ್ದ ಸರ್ ವಿಲಿಯಂ ಚಾಂಡ್ಲರ್ ರಾಬರ್ಟ್ಸ್-ಆಸ್ಟೆನ್ ಅವರಿಗೆ ಸಲ್ಲುತ್ತದೆ.

ಅವರ ಬಾಳಿನಲ್ಲಿ ರೋಮಾಂಚಕಾರಿ ಪ್ರಸಂಗಗಳಿಲ್ಲ. ಒಂದೇ ಕಚೇರಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು, ಆ ಕಚೇರಿಯ ಸೇವೆಯಲ್ಲಿರುವಾಗಲೇ ಕಣ್ಣುಮುಚ್ಚಿದ ಸರಕಾರಿ ನೌಕರರು ಅವರು. ಆದರೆ ದಿನನಿತ್ಯದ ಕರ್ತವ್ಯವೇ ಮಹತ್ತರವಾದ ಅನ್ವೇಷಣೆಗೆ ಹೇಗೆ ದಾರಿಯಾಗಬಲ್ಲದು, ಗುರುವಿನ ಅಪೂರ್ಣ ಕಾರ್ಯವನ್ನು ಶಿಷ್ಯನು ಹೇಗೆ ಮುಂದುವರಿಸಬಲ್ಲನು ಎಂಬುದಕ್ಕೆ ಅವರ ಜೀವನದಷ್ಟು ಸ್ಪಷ್ಟವಾದ ನಿದರ್ಶನ ವಿಜ್ಞಾನದ ಇತಿಹಾಸದಲ್ಲಿ ವಿರಳ.

ವಿದ್ಯಾಭ್ಯಾಸ ಮತ್ತು ಗುರುಲಾಭ

ವಿಲಿಯಂ ಚಾಂಡ್ಲರ್ ರಾಬರ್ಟ್ಸ್ ಅವರು 1843ನೆಯ ಇಸವಿಯ ಮಾರ್ಚ್ 3ರಂದು ಲಂಡನ್ ನಗರಕ್ಕೆ ಸೇರಿಕೊಂಡಂತಿರುವ ಕೆನ್ನಿಂಗ್ಟನ್ ಎಂಬಲ್ಲಿ ಜನಿಸಿದರು. ತಂದೆ ಜಾರ್ಜ್ ರಾಬರ್ಟ್ಸ್. ಚಾಂಡ್ಲರ್ ಎಂಬುದು ತಾಯಿಯ ಮನೆತನದ ಹೆಸರು. ರಾಬರ್ಟ್ಸ್-ಆಸ್ಟೆನ್ ಎಂಬ ಜೋಡಿ ಹೆಸರು ಅವರಿಗೆ ಬಂದುದು ಬಹಳ ತಡವಾಗಿ, 1885ರಲ್ಲಿ. ಆಸ್ಟೆನ್ ಎಂಬ ಉಪನಾಮದ ತಮ್ಮ ಬಂಧುವೊಬ್ಬರ ಇಚ್ಛೆಯನ್ನು ಮನ್ನಿಸಿ ಅವರು ಅದನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು. ಹೀಗೆ ನಡುವಯಸ್ಸಿನಲ್ಲಿ ಸೇರಿಸಿಕೊಂಡ ಹೆಸರೇ ಮುಂದೆ ಉಕ್ಕಿನ ಶಾಸ್ತ್ರದಲ್ಲಿ ಶಾಶ್ವತವಾಗಿ ಉಳಿಯಿತೆಂಬುದು ಒಂದು ವಿಶೇಷ.

ಗಣಿ ಎಂಜಿನಿಯರ್ ಆಗಬೇಕೆಂಬ ಹಂಬಲದಿಂದ ಅವರು 1861ರಲ್ಲಿ ಲಂಡನ್ನಿನ ರಾಯಲ್ ಸ್ಕೂಲ್ ಆಫ್ ಮೈನ್ಸ್ ಸಂಸ್ಥೆಯನ್ನು ಸೇರಿದರು. ಅಲ್ಲಿನ ವ್ಯಾಸಂಗವನ್ನು ಮುಗಿಸಿದುದು 1865ರಲ್ಲಿ. ಅದೇ ವರ್ಷ ಅವರ ಬಾಳಿನ ದಿಕ್ಕನ್ನು ಬದಲಿಸಿದ ಒಂದು ಅವಕಾಶ ಒದಗಿಬಂದಿತು. ರಾಜಟಂಕಸಾಲೆಯ ಮುಖ್ಯಾಧಿಕಾರಿಗಳಾಗಿದ್ದ ಥಾಮಸ್ ಗ್ರಹಾಂ ಅವರು ತಮ್ಮ ಸಂಶೋಧನೆಗಳಿಗೆ ಒಬ್ಬ ಸಹಾಯಕನನ್ನು ಅಪೇಕ್ಷಿಸಿದ್ದರು. ಇಪ್ಪತ್ತೆರಡರ ಹರೆಯದ ರಾಬರ್ಟ್ಸ್ ಆ ಸ್ಥಾನಕ್ಕೆ ಆಯ್ಕೆಯಾದರು.

ಥಾಮಸ್ ಗ್ರಹಾಂ ಸಾಮಾನ್ಯರಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1805ರಲ್ಲಿ ಜನಿಸಿದ ಅವರು, ಮಗನು ಪಾದ್ರಿಯಾಗಬೇಕೆಂಬ ತಂದೆಯ ಆಸೆಗೆ ವಿರುದ್ಧವಾಗಿ ರಸಾಯನಶಾಸ್ತ್ರವನ್ನು ವರಿಸಿದವರು. ಹಗುರವಾದ ಅನಿಲವು ಭಾರವಾದ ಅನಿಲಕ್ಕಿಂತ ಎಷ್ಟು ಬೇಗ ಹರಡುತ್ತದೆಂಬುದನ್ನು ತಿಳಿಸುವ ನಿಯಮ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ತರುವಾಯ ಅವರು ಉಪ್ಪು ಮೊದಲಾದ ಪದಾರ್ಥಗಳು ನೀರಿನಲ್ಲಿ ಹರಡುವ ವೇಗವನ್ನು ಅಳೆದರು. ಟಂಕಸಾಲೆಗೆ ಬಂದ ಮೇಲೆ ಅವರ ದೃಷ್ಟಿ ಲೋಹಗಳತ್ತ ಹರಿಯಿತು. ಪೆಲ್ಲೇಡಿಯಂ ಎಂಬ ಬಿಳಿಯ ಲೋಹವು ತನ್ನ ಗಾತ್ರದ ಸುಮಾರು 900 ಪಟ್ಟು ಜಲಜನಕವನ್ನು ಹೀರಿಕೊಳ್ಳುತ್ತದೆಂಬುದನ್ನು ಅವರು ತೋರಿಸಿಕೊಟ್ಟರು. ಘನಲೋಹದ ಒಡಲಿನಲ್ಲಿಯೂ ಅನಿಲಕ್ಕೆ ದಾರಿಯಿದೆಯೆಂಬುದು ಇದರಿಂದ ಸಿದ್ಧವಾಯಿತು. ಈ ಪ್ರಯೋಗಗಳಲ್ಲೆಲ್ಲ ರಾಬರ್ಟ್ಸ್ ಅವರ ಬಲಗೈಯಾಗಿ ನಿಂತರು.

ಅನಿಲದಿಂದ ದ್ರವಕ್ಕೆ, ದ್ರವದಿಂದ ಘನಕ್ಕೆ ಹಂತಹಂತವಾಗಿ ಸಾಗುತ್ತಿದ್ದ ಗ್ರಹಾಂ ಅವರ ಯಾತ್ರೆ 1869ರ ಸೆಪ್ಟೆಂಬರ್ ತಿಂಗಳಿನಲ್ಲಿ ಅವರ ನಿಧನದಿಂದ ನಿಂತುಹೋಯಿತು. ಒಂದು ಘನಲೋಹದೊಳಗೆ ಇನ್ನೊಂದು ಲೋಹ ಹರಡಬಲ್ಲುದೇ ಎಂಬ ಕೊನೆಯ ಪ್ರಶ್ನೆ ಉಳಿದೇ ಹೋಯಿತು. ಶಿಷ್ಯನು ಆ ಪ್ರಶ್ನೆಯನ್ನು ಮರೆಯಲಿಲ್ಲ. ಅದಕ್ಕೆ ಉತ್ತರ ಕೊಡಲು ಅವರಿಗೆ ಇಪ್ಪತ್ತೇಳು ವರ್ಷ ಹಿಡಿಯಿತು.

ಟಂಕಸಾಲೆಯ ಕಾವಲುಗಾರ

ಗ್ರಹಾಂ ಅವರ ನಿಧನಾನಂತರ, 1870ರಲ್ಲಿ, ರಾಬರ್ಟ್ಸ್ ಅವರು ಟಂಕಸಾಲೆಯ ರಸಾಯನಜ್ಞರಾಗಿ ನೇಮಕಗೊಂಡರು. 1882ರಿಂದ ಕೊನೆಯವರೆಗೂ ರಸಾಯನಜ್ಞ ಮತ್ತು ಲೋಹಪರೀಕ್ಷಕ ಎಂಬ ಎರಡೂ ಹೊಣೆಗಳು ಅವರದಾಗಿದ್ದವು. ಲಂಡನ್ನಿನ ಟವರ್ ಹಿಲ್ ಎಂಬಲ್ಲಿದ್ದ ಆ ಟಂಕಸಾಲೆಯಿಂದ ಹೊರಡುವ ನಾಣ್ಯಗಳ ಶುದ್ಧತೆಗೆ ಅವರೇ ಹೊಣೆಗಾರರು.

ಈ ಹೊಣೆ ಎಂತಹುದೆಂಬುದನ್ನು ಸ್ವಲ್ಪ ವಿವರಿಸುವುದು ಅಗತ್ಯ. ಅಂದಿನ ಇಂಗ್ಲೆಂಡಿನ ಚಿನ್ನದ ನಾಣ್ಯದಲ್ಲಿ ಸಾವಿರ ಪಾಲಿಗೆ 916.66 ಪಾಲು ಅಪ್ಪಟ ಚಿನ್ನವಿರಬೇಕೆಂಬುದು ಶಾಸನ; ಹೆಚ್ಚುಕಡಿಮೆಗೆ ಇದ್ದ ಅವಕಾಶ ಸಾವಿರಕ್ಕೆ ಎರಡು ಪಾಲು ಮಾತ್ರ. ಪ್ರತಿ ವರ್ಷವೂ, ತಯಾರಾದ ನಾಣ್ಯಗಳಲ್ಲಿ ಎತ್ತಿಟ್ಟ ಮಾದರಿಗಳನ್ನು ಲಂಡನ್ನಿನ ಅಕ್ಕಸಾಲಿಗರ ಸಂಘದ ಪಂಚರ ಮುಂದೆ ಬಹಿರಂಗವಾಗಿ ಪರೀಕ್ಷಿಸಲಾಗುತ್ತಿತ್ತು. ಪಿಕ್ಸ್ ಪರೀಕ್ಷೆ ಎಂಬ ಹೆಸರಿನ ಈ ಪದ್ಧತಿ ಶತಮಾನಗಳಷ್ಟು ಹಳೆಯದು. ನ್ಯೂಟನ್ನರಂಥ ಮಹಾನುಭಾವರೂ ಟಂಕಸಾಲೆಯ ಮುಖ್ಯಾಧಿಕಾರಿಗಳಾಗಿ ಈ ಪರೀಕ್ಷೆಯನ್ನು ಎದುರಿಸಬೇಕಾಗಿತ್ತು.

ನಮ್ಮ ಅಕ್ಕಸಾಲಿಗರು ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ಬಣ್ಣ ನೋಡುತ್ತಾರೆ. ಟಂಕಸಾಲೆಗೆ ಅಷ್ಟು ಸಾಲದು. ಅಲ್ಲಿ ನಾಣ್ಯದ ಒಂದು ಚೂರನ್ನು ಕರಾರುವಾಕ್ಕಾಗಿ ತೂಗಿ, ಅದಕ್ಕೆ ಬೆಳ್ಳಿಯನ್ನು ಕೂಡಿಸಿ, ಸೀಸದ ತೆಳು ಹಾಳೆಯಲ್ಲಿ ಸುತ್ತಿ, ಮೂಳೆಬೂದಿಯಿಂದ ಮಾಡಿದ ಪುಟ್ಟ ಬಟ್ಟಲಿನಲ್ಲಿಟ್ಟು ಕುಲುಮೆಯಲ್ಲಿ ಕಾಯಿಸುತ್ತಾರೆ. ಕಾದ ಗಾಳಿಯಲ್ಲಿ ಸೀಸವು ಭಸ್ಮವಾಗಿ, ತಾಮ್ರವೇ ಮೊದಲಾದ ಬೆರಕೆಯನ್ನು ತನ್ನೊಡನೆ ಕರೆದುಕೊಂಡು ಬೂದಿಯ ಬಟ್ಟಲಿನಲ್ಲಿ ಇಂಗಿಹೋಗುತ್ತದೆ. ಚಿನ್ನ ಬೆಳ್ಳಿಗಳ ಮಣಿಯೊಂದು ಉಳಿಯುತ್ತದೆ. ಅದನ್ನು ತಟ್ಟಿ, ನೈಟ್ರಿಕ್ ಆಮ್ಲದಲ್ಲಿ ಕುದಿಸಿದರೆ ಬೆಳ್ಳಿ ಕರಗಿ ಅಪ್ಪಟ ಚಿನ್ನವೊಂದೇ ನಿಲ್ಲುತ್ತದೆ. ಪುಟಕ್ಕೆ ಹಾಕುವುದೆಂದು ನಾವು ರೂಢಿಯಲ್ಲಿ ಹೇಳುವ ಮಾತಿನ ಅತ್ಯಂತ ನಿಷ್ಕೃಷ್ಟವಾದ ರೂಪ ಇದು. ಸೀಸ ಮತ್ತು ಚಿನ್ನ ಎಂಬ ಈ ಜೋಡಿ ಪ್ರತಿದಿನವೂ ರಾಬರ್ಟ್ಸ್ ಅವರ ಕೈಯಲ್ಲಿ ಇದ್ದುದನ್ನು ವಾಚಕರು ನೆನಪಿನಲ್ಲಿಡಬೇಕು. ಅವರ ಮಹಾಪ್ರಯೋಗಕ್ಕೆ ಒದಗಿಬಂದುದು ಇದೇ ಜೋಡಿ.

ನಾಣ್ಯದ ಪ್ರಾಮಾಣಿಕತೆಯನ್ನು ಕಾಯುವ ಕೆಲಸವೇ ಅವರನ್ನು ಲೋಹದ ಅಂತರಂಗದತ್ತ ಸೆಳೆಯಿತು. ಬೆಳ್ಳಿ ತಾಮ್ರಗಳನ್ನು ಸಮವಾಗಿ ಬೆರೆಸಿ ಎರಕ ಹೊಯ್ದರೂ, ತಣಿಯುವಾಗ ಗಟ್ಟಿಯ ಒಂದು ಭಾಗದಲ್ಲಿ ಬೆಳ್ಳಿ ಹೆಚ್ಚಾಗಿಯೂ ಇನ್ನೊಂದು ಭಾಗದಲ್ಲಿ ಕಡಿಮೆಯಾಗಿಯೂ ನಿಲ್ಲುತ್ತಿತ್ತು. ಒಂದೇ ಗಟ್ಟಿಯಿಂದ ಕತ್ತರಿಸಿದ ಎರಡು ನಾಣ್ಯಗಳ ಬೆಲೆ ಬೇರೆಬೇರೆಯಾದರೆ ಜನರ ವಿಶ್ವಾಸ ಉಳಿಯುವುದು ಹೇಗೆ? 1875ರಲ್ಲಿ ಪ್ರಕಟವಾದ ಅವರ ಅಧ್ಯಯನ ಈ ವಿಷಯವನ್ನು ಕುರಿತದ್ದು. ಅದೇ ವರ್ಷ ರಾಯಲ್ ಸೊಸೈಟಿ ಅವರನ್ನು ತನ್ನ ಫೆಲೊ ಆಗಿ ಚುನಾಯಿಸಿತು.

ಪ್ರಾಧ್ಯಾಪಕರಾಗಿ

1880ರಲ್ಲಿ ಡಾಕ್ಟರ್ ಜಾನ್ ಪರ್ಸಿ ಅವರಿಂದ ತೆರವಾದ ಲೋಹವಿಜ್ಞಾನದ ಪೀಠಕ್ಕೆ, ತಾವು ಕಲಿತ ರಾಯಲ್ ಸ್ಕೂಲ್ ಆಫ್ ಮೈನ್ಸ್ ಸಂಸ್ಥೆಯಲ್ಲಿಯೇ, ರಾಬರ್ಟ್ಸ್ ಅವರು ಪ್ರಾಧ್ಯಾಪಕರಾಗಿ ನಿಯುಕ್ತರಾದರು. ಟಂಕಸಾಲೆಯ ಕೆಲಸವನ್ನು ಬಿಡದೆಯೇ ಬೋಧನೆಯ ಹೊಣೆಯನ್ನೂ ಹೊತ್ತರು. ಅಲ್ಲಿಯವರೆಗೆ ಅದಿರಿನಿಂದ ಲೋಹವನ್ನು ತೆಗೆಯುವ ವಿಧಾನಗಳ ವರ್ಣನೆಯೇ ಈ ಶಾಸ್ತ್ರದ ಮುಖ್ಯ ಪಾಠವಾಗಿತ್ತು. ಲೋಹ ಏಕೆ ಗಟ್ಟಿ, ಏಕೆ ಪೆಡಸು, ಬಿಸಿಯಾದಾಗ ಅದರೊಳಗೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಅವರು ವಿದ್ಯಾರ್ಥಿಗಳ ಗಮನವನ್ನು ತಿರುಗಿಸಿದರು. 1891ರಲ್ಲಿ ಹೊರಬಂದ ಅವರ ಪಠ್ಯಗ್ರಂಥ ಬಹುಕಾಲ ಬಳಕೆಯಲ್ಲಿತ್ತು.

ಅಪ್ಪಟ ಚಿನ್ನವು ಮೃದುವೂ ಬಾಗುವಂಥದೂ ಆಗಿರುವುದು ಸರ್ವವಿದಿತ. ಆದರೆ ಅದಕ್ಕೆ ಸಾವಿರಕ್ಕೆ ಎರಡು ಪಾಲಿನಷ್ಟು ಬಿಸ್ಮತ್ ಅಥವಾ ಸೀಸ ಬೆರೆತರೆ ಸಾಕು, ಆ ಚಿನ್ನ ಬಿರುಸಾಗಿ ಮುರಿಯುತ್ತದೆ. ಹೀಗೆ ಬೇರೆಬೇರೆ ಮೂಲವಸ್ತುಗಳನ್ನು ಅದೇ ಅಲ್ಪ ಪ್ರಮಾಣದಲ್ಲಿ ಚಿನ್ನಕ್ಕೆ ಬೆರೆಸಿ, ಪ್ರತಿಯೊಂದರ ಬಲವನ್ನು ಅಳೆದು, ಬೆರಕೆಯ ಪರಮಾಣುವಿನ ಗಾತ್ರಕ್ಕೂ ಚಿನ್ನದ ದೌರ್ಬಲ್ಯಕ್ಕೂ ಸಂಬಂಧವಿದೆಯೆಂದು ಅವರು 1888ರಲ್ಲಿ ವಾದಿಸಿದರು. ಈ ವಾದಕ್ಕೆ ತೀವ್ರವಾದ ಪ್ರತಿಭಟನೆಯೂ ಬಂದಿತು. ಷೆಫೀಲ್ಡಿನ ಪ್ರಾಧ್ಯಾಪಕ ಆರ್ನಾಲ್ಡ್ ಅವರು ಪ್ರಬಲ ವಿರೋಧಿಗಳಾಗಿದ್ದರು. ಅವರು ಮಂಡಿಸಿದ ನಿಯಮ ಪೂರ್ಣವಾಗಿ ನಿಲ್ಲಲಿಲ್ಲವಾದರೂ, ಲೋಹದ ಗುಣವನ್ನು ಪರಮಾಣುವಿನ ಮಟ್ಟದಲ್ಲಿ ಹುಡುಕಬೇಕೆಂಬ ಅವರ ಮಾರ್ಗ ನಿಂತಿತು.

ಇದೇ ಕಾಲದಲ್ಲಿ ಅವರು ಚಿನ್ನ ಮತ್ತು ಅಲ್ಯೂಮಿನಿಯಂಗಳನ್ನು ಬೆರೆಸಿ ಸೊಗಸಾದ ನೇರಳೆ ಬಣ್ಣದ ಮಿಶ್ರಲೋಹವೊಂದನ್ನು ಪಡೆದರು. ನೂರಕ್ಕೆ ಸುಮಾರು 78 ಪಾಲು ಚಿನ್ನವಿರುವ ಈ ಲೋಹ ನೋಡಲು ಚೆಲುವಾದರೂ ಗಾಜಿನಂತೆ ಪೆಡಸು. ಅಂದು ಅದೊಂದು ಕೌತುಕ ಮಾತ್ರವಾಗಿತ್ತು. ಅದರ ಮುಂದಿನ ಕಥೆಯನ್ನು ಆಮೇಲೆ ನೋಡೋಣ.

ನಾಲ್ಕು ವರ್ಷದ ಪ್ರಯೋಗ

ಘನಲೋಹದಲ್ಲಿ ಚಲನೆಯಿದೆಯೆಂಬ ಸೂಚನೆ ಕಮ್ಮಾರರಿಗೆ ಹಿಂದಿನಿಂದಲೂ ಇತ್ತು. ಮೆದು ಕಬ್ಬಿಣದ ಪಟ್ಟಿಗಳನ್ನು ಇದ್ದಿಲಿನಲ್ಲಿ ಹೂತು ಹಲವು ದಿನ ಕಾಯಿಸಿದರೆ, ಕಬ್ಬಿಣ ಕರಗದೆಯೇ ಇಂಗಾಲ ಅದರೊಳಗೆ ಇಳಿದು ಉಕ್ಕಾಗುತ್ತಿತ್ತು. ಬೆಲ್ಜಿಯಂ ದೇಶದ ವಾಲ್ಟೇರ್ ಸ್ಪ್ರಿಂಗ್ ಎಂಬ ವಿದ್ವಾಂಸರು ಲೋಹದ ಪುಡಿಗಳನ್ನು ಬಲವಾಗಿ ಒತ್ತಿ, ಕರಗಿಸದೆಯೇ ಮಿಶ್ರಲೋಹಗಳನ್ನು ಪಡೆದಿದ್ದರು. ಆದರೆ ಈ ಚಲನೆ ಎಷ್ಟು, ಯಾವ ವೇಗದಲ್ಲಿ, ಯಾವ ನಿಯಮಕ್ಕೆ ಒಳಪಟ್ಟು ನಡೆಯುತ್ತದೆ ಎಂಬುದನ್ನು ಯಾರೂ ಅಳೆದಿರಲಿಲ್ಲ. ಅಳತೆಯಿಲ್ಲದ ಮಾತು ಪರೀಕ್ಷಕನಾದವನಿಗೆ ಒಪ್ಪಿಗೆಯಾಗುವುದಿಲ್ಲ. ಗ್ರಹಾಂ ಅವರೊಡನೆ ತಮಗಿದ್ದ ದೀರ್ಘಕಾಲದ ಸಂಬಂಧದಿಂದಾಗಿ ಈ ಅಳತೆಯನ್ನು ಲೋಹಗಳಿಗೂ ವಿಸ್ತರಿಸುವುದು ತಮ್ಮ ಕರ್ತವ್ಯವೆಂದೇ ರಾಬರ್ಟ್ಸ್-ಆಸ್ಟೆನ್ ಭಾವಿಸಿದ್ದರು.

ಮೊದಲಿಗೆ ಅವರು ಕರಗಿದ ಸೀಸವನ್ನು ತೆಗೆದುಕೊಂಡರು. ಚಿನ್ನವನ್ನು ತಳದಲ್ಲಿಟ್ಟು, ಅದು ಮೇಲೇರುವುದನ್ನು ಪರೀಕ್ಷಿಸಿದರು. ಇಲ್ಲಿ ಎರಡು ಎಚ್ಚರಿಕೆಗಳಿದ್ದವು. ಕಾದ ದ್ರವದಲ್ಲಿ ಪ್ರವಾಹಗಳೆದ್ದರೆ ಚಿನ್ನವು ತಾನಾಗಿ ಹರಡಿತೋ ಪ್ರವಾಹದೊಡನೆ ಹೋಯಿತೋ ತಿಳಿಯದು. ಆದಕಾರಣ ಪಾತ್ರೆಯ ಮೇಲುಭಾಗವನ್ನು ತಳಕ್ಕಿಂತ ತುಸು ಬಿಸಿಯಾಗಿಟ್ಟರು. ಇನ್ನು ಚಿನ್ನ ಸೀಸಕ್ಕಿಂತ ಬಹಳ ಭಾರವಾದ ಲೋಹ: ಅದೇ ಗಾತ್ರದ ನೀರಿನ 19.3ರಷ್ಟು ಚಿನ್ನದ ತೂಕವಾದರೆ, ಸೀಸದ್ದು 11.3ರಷ್ಟು. ತಳದಲ್ಲಿಟ್ಟ ಭಾರವಾದ ಚಿನ್ನ ಹಗುರವಾದ ಸೀಸದೊಳಗೆ ಮೇಲೇರಿದರೆ, ಅದು ಮುಳುಗುವ ತೇಲುವ ಕಾರಣದಿಂದ ಅಲ್ಲ, ಕಣಗಳ ಸ್ವಂತ ಚಲನೆಯಿಂದಲೇ ಎಂಬುದು ನಿಸ್ಸಂದೇಹ. ಹಾಗೆಯೇ ಆಯಿತು. ನೀರಿನಲ್ಲಿ ಉಪ್ಪು ಹರಡುವುದಕ್ಕಿಂತಲೂ ಬೇಗನೆ ಚಿನ್ನವು ಕರಗಿದ ಸೀಸದಲ್ಲಿ ಹರಡಿತು.

ಬಳಿಕ ಬಂದುದು ಘನದ ಸರದಿ. ಸೀಸ ಕರಗುವುದು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಸುಮಾರು 7 ಸೆಂಟಿಮೀಟರ್ ಉದ್ದದ ಸೀಸದ ಕಂಬಗಳ ತಳಕ್ಕೆ ಚಿನ್ನವನ್ನು ಕೂಡಿಸಿ, ಅವನ್ನು ಕರಗುವ ಮಟ್ಟಕ್ಕೆ ಬಹಳ ಕೆಳಗಿನ ಉಷ್ಣತೆಗಳಲ್ಲಿ, ಒಂದು ತಿಂಗಳಿನಷ್ಟು ಕಾಲ, ಏರುಪೇರಿಲ್ಲದಂತೆ ಕಾಯ್ದಿಟ್ಟರು. ಅನಂತರ ಕಂಬವನ್ನು ತೆಳ್ಳನೆಯ ಬಿಲ್ಲೆಗಳಾಗಿ ಕೊಯ್ದು, ಪ್ರತಿ ಬಿಲ್ಲೆಯಲ್ಲಿ ಎಷ್ಟು ಚಿನ್ನ ಸೇರಿದೆಯೆಂದು ಪರೀಕ್ಷಿಸಿದರು. ಟಂಕಸಾಲೆಯ ವಿದ್ಯೆ ಕೈಹಿಡಿದುದು ಇಲ್ಲಿ. ಪುಟಕ್ಕಿಟ್ಟ ಸೀಸ ಬೂದಿಯ ಬಟ್ಟಲಿನಲ್ಲಿ ತಾನಾಗಿಯೇ ಇಂಗಿಹೋಗುತ್ತದೆ. ಅದರಲ್ಲಿ ಅಡಗಿದ್ದ ಚಿನ್ನ ಎಷ್ಟು ಅಲ್ಪವಾದರೂ ಮಣಿಯಾಗಿ ಉಳಿದು ತಕ್ಕಡಿಗೆ ಸಿಗುತ್ತದೆ. ಬೇರಾವ ಜೋಡಿ ಲೋಹಗಳಲ್ಲಿಯೂ ಅಂದಿನ ದಿನಗಳಲ್ಲಿ ಅಷ್ಟು ಸೂಕ್ಷ್ಮವಾದ ಪತ್ತೆ ಸುಲಭವಾಗಿರಲಿಲ್ಲ.

ದೊರೆತ ಅಂಕಿಗಳು ಮಾತಿಗಿಂತ ಸ್ಪಷ್ಟವಾಗಿದ್ದವು. ಹರಡುವಿಕೆಯ ಪ್ರಮಾಣವನ್ನು ದಿನವೊಂದಕ್ಕೆ ಇಷ್ಟು ಚದರ ಸೆಂಟಿಮೀಟರ್ ಎಂದು ಲೆಕ್ಕ ಹಾಕುವುದು ರೂಢಿ. 550 ಡಿಗ್ರಿಯಲ್ಲಿ, ಅಂದರೆ ಕರಗಿದ ಸೀಸದಲ್ಲಿ, ಅದು 3.19 ಆಗಿತ್ತು. ಘನವಾದ ಸೀಸದಲ್ಲಿ 251 ಡಿಗ್ರಿಗೆ 0.03, 100 ಡಿಗ್ರಿಗೆ 0.00002. ಘನದಲ್ಲಿ ಚಲನೆ ಇದೆ. ಆದರೆ ಉಷ್ಣತೆ ಇಳಿದಂತೆ ಅದು ಬಹು ಬೇಗನೆ ಕುಂಠಿತವಾಗುತ್ತದೆ. 1896ರಲ್ಲಿ ರಾಯಲ್ ಸೊಸೈಟಿಯ ಗೌರವಾನ್ವಿತ ಬೇಕೀರಿಯನ್ ಉಪನ್ಯಾಸದಲ್ಲಿ ಅವರು ಈ ಫಲಿತಾಂಶಗಳನ್ನು ಮಂಡಿಸಿದರು. ಘನಲೋಹದೊಳಗಿನ ವಿಸರಣವನ್ನು ಸಂಖ್ಯಾರೂಪದಲ್ಲಿ ಜಗತ್ತು ಕಂಡುದು ಅದೇ ಮೊದಲು.

ಆದರೂ ಒಂದು ಸಂಶಯ ಉಳಿಯಿತು. ಕಾಯಿಸಿದ ಲೋಹ ಸ್ವಲ್ಪ ಮಟ್ಟಿಗೆ ಮೆದುವಾಗುವುದರಿಂದ ಹೀಗಾಯಿತೆಂದು ಯಾರಾದರೂ ಆಕ್ಷೇಪಿಸಬಹುದು. ಬೆಂಕಿಯ ಸಹಾಯವೇ ಇಲ್ಲದೆ, ನಾವು ಕುಳಿತಿರುವ ಕೋಣೆಯ ಸಹಜ ಉಷ್ಣತೆಯಲ್ಲಿ, ಚಿನ್ನ ಸೀಸದೊಳಗೆ ನಡೆದೀತೇ? ಇದಕ್ಕೆ ಉತ್ತರವನ್ನು ಕಾಲವೇ ಕೊಡಬೇಕು. ಅವರು ಶುಚಿಗೊಳಿಸಿದ ಚಿನ್ನದ ಮೈಯನ್ನೂ ಸೀಸದ ಮೈಯನ್ನೂ ಬಿಗಿಯಾಗಿ ಒತ್ತಿ ಕೂಡಿಸಿ, ಸರಾಸರಿ 18 ಡಿಗ್ರಿ ಉಷ್ಣತೆಯಲ್ಲಿ ಇಟ್ಟುಬಿಟ್ಟರು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ನಾಲ್ಕು ವರ್ಷ ಅವು ಹಾಗೆಯೇ ಇದ್ದವು. ಈ ನಡುವೆ ತೆಗೆದು ನೋಡಿದ್ದರೆ ಪ್ರಯೋಗ ಅಲ್ಲಿಗೇ ಮುಗಿಯುತ್ತಿತ್ತು. ನೋಡದೆ ಇರುವುದೇ ಇಲ್ಲಿ ಕೆಲಸ. ಅವಧಿ ಮುಗಿದ ಮೇಲೆ ಸೀಸವನ್ನು ಪದರಪದರವಾಗಿ ತೆಗೆದು ಪುಟಕ್ಕಿಟ್ಟಾಗ, ಕೂಡುಮೈಯಿಂದ ಕೆಲವು ಮಿಲಿಮೀಟರುಗಳಷ್ಟು ದೂರದವರೆಗೆ ಚಿನ್ನ ಪತ್ತೆಯಾಯಿತು. 1900ರಲ್ಲಿ ಈ ಫಲಿತಾಂಶವನ್ನು ಅವರು ರಾಯಲ್ ಸೊಸೈಟಿಗೆ ನಿವೇದಿಸಿದರು. ಗುರುವು ಬಿಟ್ಟುಹೋದ ಪ್ರಶ್ನೆಗೆ ಕೊನೆಯ ಸಂಶಯವೂ ಉಳಿಯದಂತೆ ಉತ್ತರ ದೊರೆತಿತ್ತು.

ಉಕ್ಕಿನ ನಕ್ಷೆ

ಈ ಪ್ರಯೋಗಗಳ ಜೊತೆಜೊತೆಗೇ ಇನ್ನೊಂದು ಮಹತ್ಕಾರ್ಯ ಸಾಗಿತ್ತು. 1889ರಲ್ಲಿ ಇಂಗ್ಲೆಂಡಿನ ಯಂತ್ರಶಿಲ್ಪಿಗಳ ಸಂಸ್ಥೆಯು ಮಿಶ್ರಲೋಹಗಳ ಸಂಶೋಧನೆಗಾಗಿ ಒಂದು ಸಮಿತಿಯನ್ನು ರಚಿಸಿ, ಪ್ರಯೋಗಗಳ ಹೊಣೆಯನ್ನು ರಾಬರ್ಟ್ಸ್-ಆಸ್ಟೆನ್ ಅವರಿಗೆ ಒಪ್ಪಿಸಿತು. ಫ್ರಾನ್ಸಿನ ಲ ಶಾಟೆಲಿಯೇ ಅವರು ರೂಪಿಸಿದ್ದ ಪ್ಲಾಟಿನಂ ತಂತಿಗಳ ಉಷ್ಣಮಾಪಕವನ್ನು ಇವರು ಬಳಸಿಕೊಂಡರು. ಆ ಮಾಪಕದ ಕನ್ನಡಿಯಿಂದ ಹೊಮ್ಮಿದ ಬೆಳಕಿನ ಚುಕ್ಕಿ ಚಲಿಸುವ ಛಾಯಾಫಲಕದ ಮೇಲೆ ಬಿದ್ದು, ಲೋಹ ತಣಿಯುವ ಬಗೆಯನ್ನು ತಾನೇ ಗೆರೆಯಾಗಿ ಬರೆಯುವಂತೆ ಅಳವಡಿಸಿದರು. ಕಾದ ಉಕ್ಕು ತಣಿಯುವಾಗ ಅಲ್ಲಲ್ಲಿ ತಡೆದು ನಿಲ್ಲುವುದು, ಅಂದರೆ ಅದರ ಒಳರಚನೆ ಬದಲಾಗುವುದು, ಆ ಗೆರೆಯಲ್ಲಿ ಸ್ಫುಟವಾಗಿ ಕಾಣಿಸಿತು. ಇದರ ಆಧಾರದಿಂದ 1897ರಲ್ಲಿಯೂ, ತಿದ್ದಿದ ರೂಪದಲ್ಲಿ 1899ರಲ್ಲಿಯೂ, ಕಬ್ಬಿಣ ಮತ್ತು ಇಂಗಾಲದ ಸಂಬಂಧವನ್ನು ತೋರಿಸುವ ನಕ್ಷೆಯನ್ನು ಅವರು ಪ್ರಕಟಿಸಿದರು. ಮರುವರ್ಷ ಹಾಲೆಂಡಿನ ರೋಜೆಬೂಮ್ ಅವರಿಂದ ಪರಿಷ್ಕೃತವಾದ ಈ ನಕ್ಷೆಯೇ ಇಂದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದುವ ನಕ್ಷೆಯ ಮೂಲ.

ಅಧಿಕ ಉಷ್ಣತೆಯಲ್ಲಿ ಇಂಗಾಲವನ್ನು ತನ್ನೊಳಗೆ ಕರಗಿಸಿಕೊಂಡಿರುವ ಕಬ್ಬಿಣದ ರೂಪಕ್ಕೆ ಫ್ರೆಂಚ್ ಲೋಹತಜ್ಞ ಫ್ಲೋರಿಸ್ ಆಸ್ಮಾಂಡ್ ಅವರು ಇವರ ಗೌರವಾರ್ಥವಾಗಿ ಆಸ್ಟೆನೈಟ್ ಎಂದು ಹೆಸರಿಟ್ಟರು. ನಮ್ಮ ಅಡಿಗೆಮನೆಯ ಬಹುಪಾಲು ತುಕ್ಕುಹಿಡಿಯದ ಸ್ಟೀಲಿನ ಪಾತ್ರೆಗಳೂ ಇದೇ ಬಗೆಯ ರಚನೆಯುಳ್ಳವು. ಅವುಗಳಲ್ಲಿರುವ ನಿಕ್ಕಲ್ ಆ ರಚನೆಯನ್ನು ತಣ್ಣಗಾದಾಗಲೂ ಕಾಪಾಡುತ್ತದೆ.

ಆ ಬೀಜದಿಂದ ಬೆಳೆದ ಮರ

ಪರಮಾಣುಗಳು ಘನದೊಳಗೆ ಹೇಗೆ ನಡೆಯುತ್ತವೆಂಬುದಕ್ಕೆ ವಿವರಣೆ ದೊರೆತುದು ರಾಬರ್ಟ್ಸ್-ಆಸ್ಟೆನ್ ಅವರ ತರುವಾಯ. ಲೋಹದಲ್ಲಿ ಪರಮಾಣುಗಳು ಕವಾಯತಿಗೆ ನಿಂತ ಮಕ್ಕಳಂತೆ ಸಾಲುಸಾಲಾಗಿ ನಿಂತಿರುತ್ತವೆ. ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ನೆಲೆ ಖಾಲಿಯಿದ್ದರೆ, ಪಕ್ಕದ ಪರಮಾಣು ಅಲ್ಲಿಗೆ ಜಿಗಿಯಬಹುದು. ಅದು ಬಿಟ್ಟ ನೆಲೆಗೆ ಇನ್ನೊಂದು. 1920 ಮತ್ತು 1930ರ ದಶಕಗಳಲ್ಲಿ ರೂಪುಗೊಂಡ ಈ ಕಲ್ಪನೆ ಮುಂದೆ ಪ್ರಯೋಗಗಳಿಂದ ದೃಢಪಟ್ಟಿತು. ಚಿನ್ನವು ಕರಗುವ 1064 ಡಿಗ್ರಿಯ ಸಮೀಪದಲ್ಲಿ ಸಹ ಹತ್ತು ಸಾವಿರ ನೆಲೆಗಳಿಗೆ ಖಾಲಿ ಇರುವುದು ಸುಮಾರು ಏಳು ಮಾತ್ರ. ಲೋಹ ತಣ್ಣಗಾದಂತೆ ಅವು ಇನ್ನೂ ವಿರಳವಾಗುತ್ತವೆ. ಜಿಗಿಯುವ ಚೈತನ್ಯವೂ ಪರಮಾಣುಗಳಿಗೆ ಅಪರೂಪವಾಗುತ್ತದೆ. ಆದ್ದರಿಂದಲೇ ನಮ್ಮ ಪೆಟ್ಟಿಗೆಯಲ್ಲಿರುವ ಚಿನ್ನದ ಬಳೆ ತಲೆಮಾರು ಕಳೆದರೂ ಹಾಗೆಯೇ ಇರುತ್ತದೆ.

ಹಾಗಿದ್ದರೆ ಸೀಸದಲ್ಲಿ ಚಿನ್ನ ನಾಲ್ಕೇ ವರ್ಷದಲ್ಲಿ ಮಿಲಿಮೀಟರುಗಟ್ಟಲೆ ನಡೆದುದು ಹೇಗೆ? ಇದು ಈ ಕಥೆಯ ಅತ್ಯಂತ ಸ್ವಾರಸ್ಯಕರವಾದ ಅಂಶ. 1920ರ ಸುಮಾರಿನಲ್ಲಿ ಹಂಗೇರಿಯ ಜಾರ್ಜ್ ಹೆವೆಶಿ ಅವರು ವಿಕಿರಣಶೀಲ ಸೀಸವನ್ನು ಗುರುತಾಗಿ ಬಳಸಿ, ಸೀಸದ ಪರಮಾಣು ಸೀಸದೊಳಗೇ ಹೇಗೆ ಚಲಿಸುತ್ತದೆಂದು ಅರಿಯಲು ಹೊರಟರು. ಘನಸೀಸವನ್ನು ಬಹುಕಾಲ ಕಾಯಿಸಿದರೂ ಮೊದಲ ಯತ್ನದಲ್ಲಿ ಅಳೆಯುವಷ್ಟು ಚಲನೆ ಕಾಣಿಸಲೇ ಇಲ್ಲ. ಇನ್ನೂ ಸೂಕ್ಷ್ಮವಾದ ವಿಧಾನವನ್ನು ಅನುಸರಿಸಿದ ಮೇಲಷ್ಟೇ ಅದು ಸಿಕ್ಕಿತು. ಚಿನ್ನದ ಪರಮಾಣುಗಳು ಸೀಸದಲ್ಲಿ ಖಾಲಿ ನೆಲೆಗಾಗಿ ಕಾಯುವುದಿಲ್ಲ, ದೊಡ್ಡ ಪರಮಾಣುಗಳ ನಡುವಿನ ಸಂದುಗಳಲ್ಲಿಯೇ ನುಸುಳಿಹೋಗುತ್ತವೆ ಎಂಬುದು ಈಗ ತಿಳಿದಿದೆ. ಕೋಣೆಯ ಉಷ್ಣತೆಯಲ್ಲಿ ಸೀಸದೊಳಗೆ ಸೀಸ ಹರಡುವುದಕ್ಕಿಂತ ಚಿನ್ನ ಹರಡುವುದು ಕೋಟಿ ಪಟ್ಟಿಗೂ ಹೆಚ್ಚು ಶೀಘ್ರ. ರಾಬರ್ಟ್ಸ್-ಆಸ್ಟೆನ್ ಬೇರೆ ಸಾಮಾನ್ಯ ಜೋಡಿಯೊಂದನ್ನು ಆರಿಸಿದ್ದರೆ, ನಾಲ್ಕು ವರ್ಷವಲ್ಲ, ನಾಲ್ಕು ನೂರು ವರ್ಷ ಕಾದಿದ್ದರೂ ಅಂದಿನ ತಕ್ಕಡಿಗೆ ಏನೂ ಸಿಗುತ್ತಿರಲಿಲ್ಲ. ಅದೃಷ್ಟ ಅವರ ಕಡೆಗಿತ್ತೆಂಬುದು ನಿಜ. ಆದರೆ ಆ ಅದೃಷ್ಟ ಬಂದುದು ದಿನವೂ ಕೈಯಾಡಿಸಿ ಬಲ್ಲ ಸೀಸ ಚಿನ್ನಗಳ ಮೂಲಕ. ತಮಗೆ ಚೆನ್ನಾಗಿ ತಿಳಿದ ಕೆಲಸವನ್ನೇ ಅವರು ಇನ್ನೂ ಆಳಕ್ಕೆ ಒಯ್ದರು.

ನೇರಳೆ ಬಣ್ಣದ ಆ ಮಿಶ್ರಲೋಹದ ಕಥೆಯೂ ಇಲ್ಲಿಗೇ ಬಂದು ಸೇರುತ್ತದೆ. 1947ರಲ್ಲಿ ಅಮೆರಿಕದ ಕರ್ಕೆಂಡಾಲ್ ಅವರು, ಕೂಡಿಸಿದ ಎರಡು ಲೋಹಗಳಲ್ಲಿ ಒಂದರ ಪರಮಾಣುಗಳು ಇನ್ನೊಂದರವುಗಳಿಗಿಂತ ಬೇಗನೆ ದಾಟುತ್ತವೆಂಬುದನ್ನು ಪ್ರಯೋಗದಿಂದ ತೋರಿಸಿದರು. ಹೀಗೆ ಕೊಡುಕೊಳ್ಳುವಿಕೆ ಸಮವಾಗಿರದಿದ್ದಾಗ, ಹೆಚ್ಚು ಕಳೆದುಕೊಂಡ ಕಡೆಯಲ್ಲಿ ಸೂಕ್ಷ್ಮವಾದ ಪೊಳ್ಳುಗಳು ಉಂಟಾಗುತ್ತವೆ. 1960ರ ದಶಕದಲ್ಲಿ ಟ್ರಾನ್ಸಿಸ್ಟರುಗಳ ಒಳಗೆ ಅಲ್ಯೂಮಿನಿಯಂ ಪದರಕ್ಕೆ ಕೂದಲೆಳೆಯಂಥ ಚಿನ್ನದ ತಂತಿಗಳನ್ನು ಬೆಸೆಯುತ್ತಿದ್ದರು. ಬಿಸಿ ಹೆಚ್ಚಾದಾಗ ಎರಡು ಲೋಹಗಳೂ ಒಂದರೊಳಗೊಂದು ಹರಡಿ, ಬೆಸುಗೆಯಲ್ಲಿ ನೇರಳೆ ಬಣ್ಣದ ಪೆಡಸು ಪದಾರ್ಥ ಕಾಣಿಸಿಕೊಂಡಿತು. ಪೊಳ್ಳುಗಳಾಗಿ ತಂತಿ ಕಳಚಿತು. ಎಂಜಿನಿಯರುಗಳು ಇದನ್ನು ನೇರಳೆ ಪಿಡುಗೆಂದೇ ಕರೆದರು. ರಾಬರ್ಟ್ಸ್-ಆಸ್ಟೆನ್ ಅವರು ಪ್ರತ್ಯೇಕವಾಗಿ ಕಂಡುಕೊಂಡಿದ್ದ ಎರಡು ಸಂಗತಿಗಳು, ಚಿನ್ನದ ಚಲನೆ ಮತ್ತು ನೇರಳೆ ಲೋಹ, ಅವರು ಕನಸಿನಲ್ಲಿಯೂ ಕಾಣದಿದ್ದ ಉಪಕರಣವೊಂದರ ಒಳಗೆ ಹೀಗೆ ಒಂದಾದವು. ಇಂದು ತಾಮ್ರದ ಮೇಲೆ ಚಿನ್ನದ ಲೇಪ ಕೊಡುವಾಗ, ತಾಮ್ರವು ಚಿನ್ನವನ್ನು ದಾಟಿ ಮೇಲೆ ಬರದಂತೆ ನಡುವೆ ನಿಕ್ಕಲ್ ಪದರವೊಂದನ್ನು ಹಾಕುವುದೂ ಇದೇ ತಿಳಿವಳಿಕೆಯ ಫಲ.

ಕೊನೆಯ ದಿನಗಳು

ಸರಕಾರವೂ ವಿದ್ವತ್ಸಮಾಜವೂ ಅವರನ್ನು ತಕ್ಕಂತೆ ಗೌರವಿಸಿದವು. 1899ರಲ್ಲಿ ಅವರಿಗೆ ಸರ್ ಪದವಿ ಸಂದಿತು. ಅದೇ ವರ್ಷ ಕಬ್ಬಿಣ ಮತ್ತು ಉಕ್ಕಿನ ಸಂಸ್ಥೆಯ ಅಧ್ಯಕ್ಷತೆ ದೊರಕಿತು. ಬ್ರಿಟಿಷ್ ಅಸೋಸಿಯೇಷನ್ನಿನ ಪ್ರಧಾನ ಕಾರ್ಯದರ್ಶಿಗಳಾಗಿಯೂ ಅವರು ಸೇವೆ ಸಲ್ಲಿಸಿದರು. ಇಷ್ಟೆಲ್ಲದರ ನಡುವೆಯೂ ಟಂಕಸಾಲೆಯ ಪರೀಕ್ಷಾಗೃಹವನ್ನು ಅವರು ಬಿಡಲಿಲ್ಲ. 1902ರ ನವೆಂಬರ್ 22ರಂದು, ತಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಆ ಟಂಕಸಾಲೆಯಲ್ಲಿಯೇ ಅವರು ನಿಧನ ಹೊಂದಿದರು.

ಗುರುಗಳಾದ ಗ್ರಹಾಂ ಅವರು ಆರಂಭಿಸಿದ ಕಾರ್ಯಕ್ಕೆ ಅಂದಿಗೆ ಎಪ್ಪತ್ತು ವರ್ಷಗಳು ಸಂದಿದ್ದವು. ಅನಿಲದಿಂದ ಹೊರಟ ಆ ಪ್ರಶ್ನೆ ಘನಲೋಹದವರೆಗೆ ಬಂದು ಮುಟ್ಟಿತ್ತು. ಶಿಷ್ಯರು ಮಾಡಿದ ಅಳತೆಯನ್ನು ಮುಂದಿನ ತಲೆಮಾರಿನವರು ತಿದ್ದಿದರು, ವಿಸ್ತರಿಸಿದರು. ಆದರೆ ಅಲ್ಲಗಳೆಯುವ ಪ್ರಸಂಗ ಬರಲಿಲ್ಲ. ಫಲ ಕಾಣುವ ಮೊದಲೇ ವರ್ಷಗಟ್ಟಲೆ ಕಾಯಬೇಕಾದ ಕೆಲಸ ವಿಜ್ಞಾನಕ್ಕೆ ಮಾತ್ರ ಸೇರಿದ್ದಲ್ಲ. ಪಾಠ ಹೇಳುವವರೂ, ಶಾಲೆ ಕಟ್ಟುವವರೂ ಮಾಡುವ ಕೆಲಸ ಆ ಬಗೆಯದೇ. ಕೂಡುಮೈಯನ್ನು ಶುಚಿಯಾಗಿಟ್ಟು, ಬಿಗಿಯಾಗಿ ಹಿಡಿದು, ಅವಸರಪಟ್ಟು ಬಿಚ್ಚಿ ನೋಡದೆ ಕಾದ ರಾಬರ್ಟ್ಸ್-ಆಸ್ಟೆನ್ ಅವರ ನಾಲ್ಕು ವರ್ಷಗಳನ್ನು ಅಂಥವರು ತಮ್ಮ ಅನುಭವದಿಂದಲೇ ಅರ್ಥಮಾಡಿಕೊಳ್ಳಬಲ್ಲರು.